ಮಗಳಿಗೆ, ಅಜ್ಜ ಕೈ ಎತ್ತದ ವಿಷಯವಾಗಿ

ಮಗಾ,

ನಿನ್ನ ಮೆಸೇಜು ಬೆಳಿಗ್ಗೆ ನೋಡಿದೆ. ರಾತ್ರಿ ಎರಡೂವರೆಗೆ ಕಳಿಸಿದ್ದೀಯ. ಆ ಹೊತ್ತಿಗೆ ನಿದ್ದೆ ಮಾಡಬೇಕು ಅಂತ ಬೈಯಲು ಹೊರಟಿದ್ದೆ, ಪೂರ್ತಿ ಓದಿದ ಮೇಲೆ ನನಗೂ ಮಧ್ಯಾಹ್ನದ ಊಟ ಸೇರಲಿಲ್ಲ. ಎರಡು ವಿಷಯ ಬರೆದಿದ್ದೀಯ. ಭಾನುವಾರ ನೀನು ಈಗ ಹೋಗುವ ಸಭೆಯಲ್ಲಿ, ನಿಮ್ಮ ಫೆಲೋಶಿಪ್ಪಿನಲ್ಲಿ, ನಿನಗೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಉಂಟು, ನಾವು ಬರಬೇಕು ಅಂತ ಒಂದು. "ಅಪ್ಪಾ, ಅಜ್ಜ ಕೈ ಎತ್ತಲಿಲ್ಲ, ಅವರು ಈಗ ಎಲ್ಲಿದ್ದಾರೆ?" ಅಂತ ತೀರಿಹೋದ ಅಜ್ಜನ ಬಗ್ಗೆ ಇನ್ನೊಂದು.

ಫೋನಿನಲ್ಲಿ ಉತ್ತರ ಹೇಳಲು ಹೋದರೆ ನಾವಿಬ್ಬರೂ ಜಗಳಕ್ಕೆ ನಿಲ್ಲುತ್ತೇವೆ. ನೀನು ಬೈಬಲಿನ ವಚನ ಹೇಳುತ್ತೀಯ, ನನ್ನ ಸ್ವರ ಏರುತ್ತದೆ, ಅಮ್ಮ ಫೋನು ಕಿತ್ತುಕೊಂಡು "ಊಟ ಆಯ್ತಾ" ಅಂತ ಕೇಳುತ್ತಾಳೆ. ಅಲ್ಲಿಗೆ ಮುಗಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಉಂಟು, ಆಫೀಸಿನಲ್ಲಿ ಓದಬೇಡ.

ಆಸ್ಪತ್ರೆಯ ಕಾರಿಡಾರಿನಲ್ಲಿ ಆದದ್ದು ಇಬ್ಬರಿಗೂ ನೆನಪುಂಟು, ಅದನ್ನು ಪುನಃ ಎತ್ತುವುದಿಲ್ಲ. ಅಜ್ಜ ಚರ್ಚಿನ ಆರಾಧನೆಗೆ ಬರುವುದನ್ನೇ ಬಿಟ್ಟಿದ್ದ ಆ ವರ್ಷಗಳ ಕಥೆಯೂ ನಿನಗೆ ಗೊತ್ತು, ಅದೂ ಬೇಡ. ಅಷ್ಟು ಜನರ ಎದುರು ಕೂಗಿದ್ದಕ್ಕೆ ಸಾರಿ. ಕೂಗಿ ಹೇಳಿದ ವಿಷಯಕ್ಕೆ ಸಾರಿ ಇಲ್ಲ.

ಮೊದಲು ಆ ಕೈಯ ವಿಷಯ.

ಐಸಿಯುವಿನಲ್ಲಿ ನಮಗೆ ಸಿಕ್ಕಿದ್ದು ಹತ್ತು ನಿಮಿಷ. ನೀನು ರಾತ್ರಿ ಬಸ್ಸಿನಲ್ಲಿ ಬಂದವಳು, ಮುಖ ಸಹ ತೊಳೆಯದೆ ಒಳಗೆ ಬಂದೆ. ನೀನು ನಿಂತದ್ದು ಅಜ್ಜನ ಬಲಗಡೆ, ನಾನು ಎಡಗಡೆ. ಅವರ ಬಲಗೈ ಹಿಡಿದು, ಕಿವಿಯ ಹತ್ತಿರ ಬಾಗಿ, "ಅಜ್ಜಾ, ಯೇಸುವನ್ನು ನಿಮ್ಮ ಸ್ವಂತ ರಕ್ಷಕ ಅಂತ ಒಪ್ಪಿಕೊಳ್ತೀರಾ? ಒಪ್ಪಿದರೆ ಈ ಕೈ ಎತ್ತಿ" ಅಂದೆ. ಇನ್ನೊಮ್ಮೆ ಜೋರಾಗಿ ಅಂದೆ. ಆಚೆ ಬೆಡ್ಡಿನವರ ಮಗ ತಿರುಗಿ ನೋಡಿದ, ಸಿಸ್ಟರ್ ಬಂದು ನಿಂತಳು. ಅಜ್ಜನ ಕಣ್ಣು ತೆರೆದೇ ಇತ್ತು. ನಿನ್ನ ಕಡೆ ಇರಲಿಲ್ಲ, ನನ್ನ ಕಡೆಗಿತ್ತು, ನನ್ನನ್ನೂ ದಾಟಿ ಗೋಡೆಯ ಕಡೆಗಿತ್ತು. ಕೈ ಏಳಲಿಲ್ಲ. ನೀನು ಅಳುತ್ತಾ ಹೊರಗೆ ಹೋದೆ.

ಆ ಕೈ ಹೇಗೆ ಏಳುತ್ತದೆ ಹೇಳು? ರಕ್ತ ನಿಂತದ್ದು ಮೆದುಳಿನ ಎಡಭಾಗಕ್ಕೆ. ಅಲ್ಲಿ ಪೆಟ್ಟಾದರೆ ದೇಹದ ಬಲಭಾಗ ಹೋಗುತ್ತದೆ. ಹೆಚ್ಚಿನವರಿಗೆ ಮಾತಿನ ಜಾಗವೂ ಅಲ್ಲೇ. ಆಡುವ ಮಾತು ಹೋಗುತ್ತದೆ, ಜೊತೆಗೆ ಕೇಳಿದ ಮಾತು ಅರ್ಥವಾಗುವುದೂ ಹೋಗಬಹುದು. ಬಲಗಡೆಯ ನೋಟ ಹೋಗುವುದೂ ಉಂಟು. ಇದನ್ನೆಲ್ಲ ಡಾಕ್ಟರು ಸ್ಕ್ಯಾನ್ ತೋರಿಸಿ ಹೇಳಿದ್ದು ಅವತ್ತು ಸಂಜೆ, ನೀನು ಅತ್ತೆಯ ಮನೆಯಲ್ಲಿ ಮಲಗಿದ್ದಾಗ. ಅಂದರೆ ನೀನು ನಿಂತದ್ದು ಅವರಿಗೆ ಕಾಣದ ಬದಿಯಲ್ಲಿ. ಏಳಲಿ ಅಂತ ಕಾದದ್ದು ಸತ್ತು ಹೋದ ಕೈಗೆ. ನಿನಗೆ ಗೊತ್ತಿರಲಿಲ್ಲ, ನಿನ್ನ ತಪ್ಪಲ್ಲ. ಆದರೆ ಈಗ ಗೊತ್ತಾಯಿತಲ್ಲ, ಇನ್ನು "ಎತ್ತಲಿಲ್ಲ" ಅಂತ ಬರೆಯಬೇಡ. ಎತ್ತಲು ಆಗಲಿಲ್ಲ.

ನಾನು ಹಿಡಿದದ್ದು ಎಡಗೈ. ಇದರ ಬಗ್ಗೆ ನಿನಗೆ ಹೇಳಲೇ ಇಲ್ಲ. ಆ ಹತ್ತು ನಿಮಿಷವೂ ಅವರ ಎಡಗೈಯ ಹೆಬ್ಬೆರಳು ಸುಮ್ಮನಿರಲಿಲ್ಲ. ಒಳಗೆ ಬಾಗುವುದು, ಏನನ್ನೋ ಒತ್ತುವ ಹಾಗೆ ಒತ್ತುವುದು, ಒಂದಿಷ್ಟೇ ಜರುಗುವುದು, ಪುನಃ ಒತ್ತುವುದು. ನನ್ನ ಅಂಗೈ ಅದರ ಕೆಳಗಿತ್ತು. ಒತ್ತಿದ್ದು ನನಗೆ ತಾಗುತ್ತಿತ್ತು.

ನಿನಗೆ ಗೊತ್ತಿರುವುದು ಚಾವಡಿಯ ಕುರ್ಚಿಯಲ್ಲಿ ಕೂತು ಪೇಪರಿನ ಅಚ್ಚಿನ ತಪ್ಪು ಹುಡುಕುವ ಅಜ್ಜ. ನಾನು ನೋಡಿದ ಅಜ್ಜ ಮಂಗಳೂರು ಬಲ್ಮಠದ ಮಿಶನ್ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕಂಪೋಸಿಟರ್. ಶನಿವಾರ ಶಾಲೆ ಬೇಗ ಬಿಟ್ಟರೆ ನಾನು ಊಟದ ಕ್ಯಾರಿಯರ್ ಹಿಡಿದುಕೊಂಡು ಹೋಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎದುರಿಗೆ ಓರೆಯಾಗಿ ನಿಲ್ಲಿಸಿದ ಕೇಸು, ಅದರಲ್ಲಿ ಮನೆ ಮನೆ, ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರದ ಮೊಳೆ. ಎಡಗೈಯಲ್ಲಿ ಮೊಳೆಗಳನ್ನು ಸಾಲಾಗಿ ನಿಲ್ಲಿಸುವ ಕಬ್ಬಿಣದ ಸ್ಟಿಕ್ಕು. ಬಲಗೈ ಕೇಸಿನ ಮೇಲೆ ಓಡಾಡಿ ಮೊಳೆ ಹೆಕ್ಕುತ್ತದೆ, ಎಡಗೈಯ ಹೆಬ್ಬೆರಳು ಅದನ್ನು ಹಿಂದಿನ ಮೊಳೆಗೆ ತಾಗಿಸಿ ಒತ್ತಿ ಹಿಡಿಯುತ್ತದೆ. ಪುನಃ ಒಂದು ಮೊಳೆ, ಪುನಃ ಒತ್ತು. ಆ ಹೆಬ್ಬೆರಳು ಸಡಿಲವಾದರೆ ಇಡೀ ಸಾಲು ಚೆಲ್ಲಿ ಹೋಗುತ್ತದೆ. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ, ಸಾಲನ್ನು ತಲೆಕೆಳಗಾಗಿ ಓದಬೇಕು. ಹಾಗೇ ಓದಿ ಓದಿ ಸುವಾರ್ತೆಯ ಎಷ್ಟೋ ಅಧ್ಯಾಯ ಅವರಿಗೆ ಬಾಯಿಪಾಠ. ಆ ಪ್ರೆಸ್ಸು ಶುರುವಾದದ್ದು 1841ರಲ್ಲಿ, ಕಿಟ್ಟೆಲರ ನಿಘಂಟು ಅಲ್ಲಿಂದ ಬಂದದ್ದು 1894ರಲ್ಲಿ. ಅಜ್ಜ ಅದನ್ನು ಹೇಳುವ ವರಸೆ ಕೇಳಿದರೆ ಕಿಟ್ಟೆಲರ ಪಕ್ಕದಲ್ಲಿ ನಿಂತು ಅವರೇ ಮೊಳೆ ಜೋಡಿಸಿದ್ದು ಅನ್ನಬೇಕು. ಮೊಳೆ ಬೇಡದ ಆಫ್‌ಸೆಟ್ ಮುದ್ರಣ ಬಂತು, ಮೊಳೆ ಮೂಲೆಗೆ ಬಿತ್ತು, ಅವರು ಪ್ರೂಫ್ ನೋಡುವ ಕೆಲಸಕ್ಕೆ ಕೂತರು. ಹೆಬ್ಬೆರಳಿನ ಆ ಅಭ್ಯಾಸ ಮಾತ್ರ ಹೋಗಲಿಲ್ಲ. ಚರ್ಚಿನಲ್ಲಿ ಉಪದೇಶದ ಪ್ರಸಂಗ ಉದ್ದವಾದರೆ ಬೆಂಚಿನಲ್ಲಿ ಕೂತು ಗಾಳಿಯಲ್ಲಿ ಒತ್ತುತ್ತಿದ್ದರು. ಅಜ್ಜಿ ಮೊಣಕೈಯಲ್ಲಿ ತಿವಿದರೆ ನಿಲ್ಲಿಸುತ್ತಿದ್ದರು.

ಆಸ್ಪತ್ರೆಯಲ್ಲಿ ನನ್ನ ಅಂಗೈಗೆ ತಾಗಿದ್ದು ಅದೇ ಒತ್ತು. ನೀನು ಯೇಸುವಿನ ಹೆಸರು ಹೇಳಿದಾಗ ಜಾಸ್ತಿಯಾಯಿತಾ? ಈ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡು ಸಾಕಾಗಿ ಹೋಗಿದ್ದೇನೆ. ಆಯಿತು ಅಂತ ಹೇಳಿದರೆ ನಿನಗೆ ಸಮಾಧಾನ, ನನಗೂ ಸಮಾಧಾನ, ಸಭೆಯಲ್ಲಿ ಹೇಳಿದರೆ ಒಳ್ಳೆಯ ಸಾಕ್ಷಿ. ಆದರೆ ಹಾಗೆ ಆಗಲಿಲ್ಲ. ನೀನು ಬರುವ ಮೊದಲೂ ಒತ್ತುತ್ತಿತ್ತು, ಹೋದ ಮೇಲೂ ಒತ್ತುತ್ತಿತ್ತು. ಸಿಸ್ಟರ್ ಬಿಪಿಯ ಪಟ್ಟಿ ಕಟ್ಟುವಾಗಲೂ ಅಷ್ಟೇ. ನರದ ಅಭ್ಯಾಸ ಇರಬಹುದು ಅಂದರು ಡಾಕ್ಟರು. ನಿನ್ನ ಅತ್ತೆ ಹೇಳುವುದು ಬೇರೆ, ಕೊನೆಯ ರಾತ್ರಿ ಅವಳು ಹಾಡು ಹೇಳಿದಾಗ ಅಜ್ಜ ಜೊತೆಗೆ ಗುಣುಗುಣು ಅಂದರಂತೆ. ಪಾರ್ಶ್ವವಾಯುವಿನಲ್ಲಿ ಮಾತು ಹೋದ ಕೆಲವರಿಗೆ ಹಾಡು ಉಳಿಯುವುದು ಉಂಟು, ಅದು ನಿಜ. ಆದರೆ ನಾನೂ ಅಲ್ಲೇ ಇದ್ದೆ. ನನಗೆ ಕೇಳಿಸಿದ್ದು ಉಸಿರು ಮಾತ್ರ. ಅವಳ ಎದುರು ಹೇಳಬೇಡ, ಅವಳಿಗೆ ಅದು ಬೇಕು.

ನನಗೆ ಬೇಡ. ಇಷ್ಟು ದಿನ ನಾನು ಯೋಚನೆ ಮಾಡಿ ಬಂದು ನಿಂತ ಜಾಗ ಅದು. ಆ ಬೆರಳು ಏನನ್ನು ಒತ್ತಿತು ಅಂತ ಗೊತ್ತಾಗದಿದ್ದರೂ ಅಜ್ಜನ ರಕ್ಷಣೆಯ ಬಗ್ಗೆ, ಅಂದರೆ ಅವರು ದೇವರ ಹತ್ತಿರ ಸೇರಿದರಾ ಅಂತ, ನನಗೆ ಭಯ ಇಲ್ಲ. ಯಾಕೆ ಅಂತ ಹೇಳುತ್ತೇನೆ, ಪ್ರಸಂಗ ಆದರೆ ತಾಳಿಕೋ. ಸಭೆಯಲ್ಲಿ ಹಿರಿಯನಾಗಿ ಇಷ್ಟು ವರ್ಷ ಬರೀ ಲೆಕ್ಕಪತ್ರ ನೋಡಿದವನಿಗೆ ಪ್ರಸಂಗ ಮಾಡುವ ಅವಕಾಶ ಸಿಕ್ಕಿದ್ದೇ ಈಗ.

ನೀನು ಕಾರಿಡಾರಿನಲ್ಲಿ ಹೇಳಿದ ವಚನ ರೋಮಾಪುರದವರಿಗೆ 10:9. ಯೇಸುವೇ ಕರ್ತ ಅಂತ ಬಾಯಿಂದ ಅರಿಕೆ ಮಾಡಿ, ದೇವರು ಅವನನ್ನು ಸತ್ತವರೊಳಗಿಂದ ಎಬ್ಬಿಸಿದ ಅಂತ ಹೃದಯದಿಂದ ನಂಬಿದರೆ ರಕ್ಷಣೆ. ಸರಿಯಾದ ವಚನವೇ. ಆದರೆ ಅದನ್ನು ನೀನು ಹಿಡಿದುಕೊಂಡದ್ದು ಬ್ಯಾಂಕಿನ ಫಾರ್ಮಿನಲ್ಲಿ ಸಹಿ ಇಲ್ಲದಿದ್ದರೆ ದುಡ್ಡಿಲ್ಲ ಅನ್ನುವ ರೀತಿಯಲ್ಲಿ. ಬಾಯಿಯೇ ಇಲ್ಲದವನಿಗೆ ಏನು? "ಕರ್ತನೇ, ಕರ್ತನೇ" ಅಂತ ಹೇಳಿದವರೆಲ್ಲ ಪರಲೋಕ ರಾಜ್ಯಕ್ಕೆ ಬರುವುದಿಲ್ಲ ಅಂತ ಮತ್ತಾಯ 7:21ರಲ್ಲಿ ಯೇಸುವೇ ಹೇಳಿದ್ದಾನೆ. ಬಾಯಿಂದ ಹೇಳಿಯೂ ಹೊರಗೆ ಉಳಿಯುವವರು ಇದ್ದಾರೆ ಅಂದ ಮೇಲೆ ಹೇಳಲಾಗದೆ ಒಳಗೆ ಹೋಗುವವರು ಇರಬಾರದು ಅಂತ ಯಾಕೆ? ಬರೀ ಒಪ್ಪಿಗೆಯೇ ನಂಬಿಕೆ ಅಂತಾದರೆ ಯಾಕೋಬ ಬರೆದದ್ದು ನೋಡು, ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ. ಕೈ ಎತ್ತಿ ಅಂದರೆ ಅವೂ ಎತ್ತುತ್ತವೆ.

ಎಫೆಸದವರಿಗೆ ಬರೆದ ಪತ್ರದ 2:8 ನೀನು ಸಭೆಗೆ ಪೂರ್ತಿ ಸೇರಿಸಿಕೊಳ್ಳುವ ವಿಧಿಗೆ, ಕನ್ಫರ್ಮೇಶನ್ನಿಗೆ, ಬಾಯಿಪಾಠ ಮಾಡಿದ್ದು. ನಂಬಿಕೆಯ ಮೂಲಕ, ಕೃಪೆಯಿಂದ ರಕ್ಷಣೆ. ಅದು ನಿಮ್ಮಿಂದ ಉಂಟಾದದ್ದಲ್ಲ, ದೇವರ ವರ. ಅದರ ಮುಂದಿನ ಸಾಲು, ಯಾರೂ ಹೊಗಳಿಕೊಳ್ಳಲು ದಾರಿ ಇಲ್ಲ. ನಿನ್ನ ಪಾಸ್ಟರೂ ಇದನ್ನು ಒಪ್ಪುತ್ತಾರೆ, ನಾನು ಕೇಳಿದ್ದೇನೆ, ಚೆನ್ನಾಗಿಯೇ ಹೇಳುತ್ತಾರೆ. ಆದರೆ ಕೊನೆಗೆ ಬಂದು ಎಲ್ಲವನ್ನೂ ನಮ್ಮ ಒಂದು ತೀರ್ಮಾನಕ್ಕೆ ನೇತುಹಾಕುತ್ತಾರೆ. ಯಾವ ತಾರೀಕಿಗೆ ರಕ್ಷಣೆ ಹೊಂದಿದೆ, ಎಲ್ಲಿ ಕೈ ಎತ್ತಿದೆ, ಹೇಳು ಅಂತ. ನಮ್ಮ ಪ್ರೊಟೆಸ್ಟಂಟ್ ಸಭೆಗಳಿಗೆ ದಾರಿ ಹಾಕಿದ ಲೂಥರ್ 1529ರ ಚಿಕ್ಕ ಪ್ರಶ್ನೋತ್ತರದಲ್ಲಿ ಬರೆದದ್ದು ಕೇಳು. ನನ್ನ ಸ್ವಂತ ಬುದ್ಧಿಯಿಂದಲೋ ಬಲದಿಂದಲೋ ನಾನು ಯೇಸು ಕ್ರಿಸ್ತನನ್ನು ನಂಬಲಾರೆ, ಪವಿತ್ರಾತ್ಮನೇ ನನ್ನನ್ನು ಕರೆದ ಅಂತ. ನಂಬುವುದಕ್ಕೂ ನಮ್ಮ ಕೈಲಿ ಆಗುವುದಿಲ್ಲ ಅಂತ ಆ ಮನುಷ್ಯ ನಂಬಿಕೆಯ ವಿವರಣೆಯಲ್ಲೇ ಬರೆದಿದ್ದಾನೆ! ಹಾಗಾದರೆ ಮೆದುಳಿನಲ್ಲಿ ರಕ್ತ ನಿಂತ ಮುದುಕನಿಗೂ ಚೆನ್ನಾಗಿ ಓದಿದ ನಿನಗೂ ಈ ವಿಷಯದಲ್ಲಿ ಏನು ವ್ಯತ್ಯಾಸ?

ಮಾರ್ಕ 2ರ ಪಾರ್ಶ್ವವಾಯು ರೋಗಿಯನ್ನು ನೆನಪು ಮಾಡಿಕೋ. ಕಪೆರ್ನೌಮಿನ ಆ ಮನೆ, ಬಾಗಿಲಲ್ಲಿ ಕಾಲಿಡಲು ಜಾಗ ಇಲ್ಲ, ನಾಲ್ಕು ಜನ ಅವನನ್ನು ಹೊತ್ತುಕೊಂಡು ಮಾಡಿಗೆ, ಅಂದರೆ ಚಾವಣಿಗೆ, ಹತ್ತಿ, ಮಾಡು ಬಿಚ್ಚಿ, ಹಾಸಿಗೆ ಸಮೇತ ಇಳಿಸಿದರು. ಯೇಸು ಅವರ ನಂಬಿಕೆ ನೋಡಿ, "ಮಗನೇ, ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ" ಅಂದ. ರೋಗಿ ಬಾಯಿ ಬಿಟ್ಟ ಅಂತ ಆ ಕಥೆಯಲ್ಲಿ ಎಲ್ಲೂ ಇಲ್ಲ. ಕೈ ಎತ್ತಿದ ಅಂತಲೂ ಇಲ್ಲ. ಹೊತ್ತು ತಂದವರ ನಂಬಿಕೆಯನ್ನು ಯೇಸು ನೋಡಿದ. ನಿನ್ನ ಅತ್ತೆ ಹಾಡಿದಳು, ಅಮ್ಮ ಹಾಸಿಗೆಯ ಹತ್ತಿರ ಕೀರ್ತನೆ ಓದಿದಳು, ನೀನು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದೆ. ನಾವೆಲ್ಲ ಸೇರಿ ಮಾಡು ಬಿಚ್ಚಿದ್ದೇವೆ ಅಂತ ನಾನು ತಿಳಿದುಕೊಂಡಿದ್ದೇನೆ. ಏನು ಪ್ರಾರ್ಥಿಸಬೇಕು ಅಂತ ಗೊತ್ತಾಗದ ಹೊತ್ತಿನಲ್ಲಿ ಆತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಅಂತ ರೋಮಾಪುರದವರಿಗೆ 8:26. ನೀನು ಎರಡು ಅಧ್ಯಾಯ ಹಿಂದೆ ಹೋಗಿದ್ದರೆ ಇದೇ ಸಿಗುತ್ತಿತ್ತು.

ಬೈದ ಹಾಗೆ ಆಯಿತಾ? ಇರಲಿ.

ಅಜ್ಜ ಒಳ್ಳೆಯವರಾಗಿದ್ದರು, ಅದಕ್ಕೇ ಹೋದರು ಅಂತ ನಾನು ಹೇಳುತ್ತಿಲ್ಲ. ಅವರ ಪ್ರೆಸ್ಸಿನ ಗೆಳೆಯನ ಮಗಳ ಮದುವೆಗೆ ಚಿನ್ನ ಅಡವಿಟ್ಟದ್ದು, ಕೊಯ್ಲಿನ ಹಬ್ಬದ ಏಲಂನಲ್ಲಿ ಯಾರಿಗೂ ಬೇಡದ ಕುಂಬಳಕಾಯಿಗೆ ದುಪ್ಪಟ್ಟು ಕೂಗಿ ಅಜ್ಜಿಯ ಹತ್ತಿರ ಬೈಸಿಕೊಂಡದ್ದು, ಇದೆಲ್ಲ ರಕ್ಷಣೆಗೆ ಕಟ್ಟಿದ ಕಂತು ಅಂತ ಹೇಳಿದರೆ ಅಜ್ಜನೇ ಎದ್ದು ಬಂದು ಪ್ರೂಫ್ ತಿದ್ದುತ್ತಾರೆ. ಅವರ ಕುಡಿತವನ್ನೂ ನಾನು ಮುಚ್ಚಿಡುವುದಿಲ್ಲ, ನೀನೂ ನೋಡಿದ್ದೀಯ. ಕುಡಿದವನನ್ನು ಹಿಡಿದುಕೊಂಡದ್ದು, ಬಿಟ್ಟವನನ್ನು ಹಿಡಿದುಕೊಂಡದ್ದು, ಎರಡೂ ಒಂದೇ ಕೈ. ಯೋಹಾನ 10:28ರಲ್ಲಿ ಕುರಿಗಳನ್ನು ಯಾರೂ ನನ್ನ ಕೈಯೊಳಗಿಂದ ಕಸಿದುಕೊಳ್ಳಲಾರರು ಅಂತ ಹೇಳುವಾಗ ಯೇಸು ಕುರಿಯ ಹಿಡಿತ ಎಷ್ಟು ಗಟ್ಟಿ ಅಂತ ಕೇಳುವುದಿಲ್ಲ.

ನಾವು ಹೆಸರಿಗೆ ಮಾತ್ರ ಕ್ರೈಸ್ತರು ಅಂತ ನೀನು ಹೇಳಿದ್ದು ಅಮ್ಮನಿಗೆ ನೋವಾಯಿತು. ನನಗೆ ನೋವಿಗಿಂತ ಜಾಸ್ತಿ ನಾಚಿಕೆ ಆಯಿತು, ಯಾಕೆಂದರೆ ಅರ್ಧ ನಿಜ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ ಮಿಶನರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದಾಗ ಅವರು ಹೇಳಿದ್ದಕ್ಕೂ ನಿನ್ನ ಪಾಸ್ಟರ್ ಹೇಳುವುದಕ್ಕೂ ದೊಡ್ಡ ವ್ಯತ್ಯಾಸ ಏನಿಲ್ಲ. ಮನಸ್ಸು ತಿರುಗಬೇಕು, ಹಳೆಯದು ಬಿಡಬೇಕು, ಹೊಸದಾಗಿ ಹುಟ್ಟಬೇಕು. ಹೆಬಿಕ್ ಅಂತೂ ಜಾತ್ರೆಗಳಿಗೇ ಹೋಗಿ ನಿಂತು ಸಾರಿದವರು. ನಮ್ಮ ಹಿರಿಯರು ಅದನ್ನು ಕೇಳಿ ಜಾತಿ ಕಳೆದುಕೊಂಡರು, ಜಮೀನು ಕಳೆದುಕೊಂಡರು. ಹಾಗೆ ಬೀದಿಗೆ ಬಿದ್ದವರಿಗೆ ಕೆಲಸ ಬೇಕು ಅಂತಲೇ ಮಿಶನಿನವರು ನೇಯ್ಗೆ ಶುರು ಮಾಡಿದ್ದು, 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು. ಅಷ್ಟು ಕಳೆದುಕೊಂಡವರ ಮೊಮ್ಮಕ್ಕಳು ನಾವು ಈಗ ಆರಾಧನೆಯ ಮಧ್ಯೆ ಮೊಬೈಲ್ ನೋಡುತ್ತೇವೆ, ಸಭೆಯ ಚುನಾವಣೆಗೆ ಮಾತ್ರ ಎದ್ದು ನಿಲ್ಲುತ್ತೇವೆ. ನೀನು ದಿನಾ ಬೆಳಿಗ್ಗೆ ಎದ್ದು ಸತ್ಯವೇದ ಓದುತ್ತೀಯ. ಭಾನುವಾರ ಶಾಲೆಗೆ ನಿನ್ನನ್ನು ಎಬ್ಬಿಸಲು ನಾನು ಎಷ್ಟು ಹೆಣಗಾಡಿದ್ದೇನೆ, ಆದರೂ ಇದು ನನ್ನಿಂದ ಆಗಲಿಲ್ಲ, ನಿನ್ನ ಫೆಲೋಶಿಪ್ಪಿನವರಿಂದ ಆಯಿತು. ಶನಿವಾರ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಹೋಗುತ್ತೀಯ ಅಂತ ತಮ್ಮ ಹೇಳಿದ. ನನಗೆ ಹೇಳಲೇ ಇಲ್ಲ ನೀನು. ಅಂಗಡಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಹತ್ತರಲ್ಲಿ ಒಂದು ಭಾಗ ಕೊಡುವುದೂ ಒಳ್ಳೆಯದೇ, ಆದರೆ ಕೈಗೆ ಬಂದ ಸಂಬಳದಲ್ಲಿ ಕೊಡು, ಸಾಲ ಮಾಡಿ ಕೊಡಬೇಡ. ಪಿಎಫ್ ಮುಟ್ಟಬೇಡ. ಕಟ್ಟಡ ನಿಧಿ ಅಂತ ಕೇಳಿದರೆ ರಶೀದಿ ಕೇಳು, ಕೊಡದಿದ್ದರೆ ಎದ್ದು ಬಾ. ಯಾರಿಗಾದರೂ ಕಾಯಿಲೆ ಬಂದರೆ ಪ್ರಾರ್ಥನೆಯೂ ಮಾಡಿ, ಮಾತ್ರೆಯೂ ನುಂಗಿಸಿ. ಮಾತ್ರೆ ಬಿಟ್ಟರೆ ನಂಬಿಕೆ ದೊಡ್ಡದು ಅಂತ ಯಾರಾದರೂ ಹೇಳಿದರೆ ನನಗೆ ಫೋನ್ ಮಾಡು. ಸುವಾರ್ತೆ ಬರೆದ ಲೂಕನೇ ವೈದ್ಯ.

ಈಗ ನಿನ್ನ ಪ್ರಶ್ನೆ. ಅಜ್ಜ ಎಲ್ಲಿದ್ದಾರೆ?

ಪಕ್ಕದ ಮನೆಯ ಕ್ಯಾಥೊಲಿಕ್ ಬಾಯಮ್ಮ ಬಂದು ಅಜ್ಜನ ಹೆಸರಿನಲ್ಲಿ ಇಗರ್ಜಿಯಲ್ಲಿ ಪೂಜೆಗೆ ಕೊಟ್ಟಿದ್ದೇನೆ ಅಂದರು. ಸತ್ತವರನ್ನು ನೆನೆಯುವ ದಿನ, ನವೆಂಬರ್ 2ಕ್ಕೆ, ನಿಮ್ಮ ಸಮಾಧಿಗೂ ಒಂದು ಮೇಣದಬತ್ತಿ ಹಚ್ಚುತ್ತೇನೆ ಅಂದರು. ಅವರ ಲೆಕ್ಕದಲ್ಲಿ ಕೃಪೆಯಲ್ಲಿ ಸತ್ತವರಿಗೂ ಶುದ್ಧೀಕರಣ ಬಾಕಿ ಇರಬಹುದು, ಬದುಕಿರುವವರ ಪ್ರಾರ್ಥನೆ ಅವರಿಗೆ ಸಹಾಯ. ನಾವು ಹಾಗೆ ನಂಬುವುದಿಲ್ಲ. ನಿಮ್ಮ ಪಾಸ್ಟರ್ ಅದನ್ನು ಕೇಳಿದರೆ ಎದ್ದು ಕೂರುತ್ತಾರೆ. ನಾನು ಥ್ಯಾಂಕ್ಸ್ ಹೇಳಿ ಚಹಾ ಕೊಟ್ಟೆ. ಅಜ್ಜನನ್ನು ದೇವರ ಕೈಗೆ ಒಪ್ಪಿಸುವವರು ಇನ್ನೊಬ್ಬರು ಇದ್ದಾರೆ ಅಂದರೆ ನನಗೇನು ನಷ್ಟ?

ನಾನು ನಂಬುವುದು ಇಷ್ಟು. ಶಿಲುಬೆಯ ಮೇಲಿನ ಕಳ್ಳನಿಗೆ ಯೇಸು ಇವತ್ತೇ ನನ್ನ ಸಂಗಡ ಪರದೈಸಿನಲ್ಲಿರುತ್ತೀ ಅಂದ. ಆ ಕಳ್ಳನಿಗೆ ದೀಕ್ಷಾಸ್ನಾನ ಆಗಿರಲಿಲ್ಲ, ಕೈ ಎತ್ತುವ ಹಾಗೂ ಇರಲಿಲ್ಲ, ಎರಡು ಕೈಯೂ ಮರಕ್ಕೆ ಸಿಕ್ಕಿತ್ತು. ಆದರೆ ಅವನು ಬಾಯಿಂದ ಕೇಳಿದನಲ್ಲ ಅಂತ ನೀನು ಹೇಳುತ್ತೀಯ. ಹೌದು, ಕೇಳಿದ, ಬಾಯಿ ಇತ್ತು. ಅಜ್ಜ ಯೇಸುವಿನ ಸಂಗಡ ಇದ್ದಾರೆ. ಪರಲೋಕದ ನಕ್ಷೆ ನನ್ನ ಹತ್ತಿರ ಇಲ್ಲ, ಬೀದಿ ಚಿನ್ನದ್ದಾ ಡಾಂಬರಿನದ್ದಾ ಅಂತ ನಾನು ಚಿಂತೆ ಮಾಡಿಲ್ಲ. ನಿತ್ಯಜೀವ ಅಂದರೆ ಸತ್ತ ಮೇಲೆ ಸಿಗುವ ಬಹುಮಾನ ಅಂತ ಚಿಕ್ಕವನಿದ್ದಾಗ ತಿಳಿದಿದ್ದೆ. ಯೋಹಾನ 5:24 ಓದಿದರೆ, ನಂಬಿದವನು ಈಗಾಗಲೇ ಮರಣದಿಂದ ಜೀವಕ್ಕೆ ದಾಟಿ ಆಗಿದೆ. 17:3ರಲ್ಲಿ ತಂದೆಯನ್ನೂ ತಂದೆ ಕಳಿಸಿದ ಯೇಸುವನ್ನೂ ತಿಳಿಯುವುದೇ ನಿತ್ಯಜೀವ. ಅಜ್ಜನಿಗೆ ಅದು ಐಸಿಯುವಿನಲ್ಲಿ ಶುರುವಾಗಬೇಕಾದ್ದಲ್ಲ. ಎಂದೋ ಶುರುವಾಗಿ, ಮಧ್ಯೆ ಮುನಿಸಿಕೊಂಡು, ಪುನಃ ಮುಂದುವರಿದದ್ದು.

ಇನ್ನೊಂದು ಮಾತು. ನೀವೆಲ್ಲ ಆತ್ಮ ಆತ್ಮ ಅಂತ ಹೇಳುತ್ತೀರಿ. ನಮ್ಮ ವಿಶ್ವಾಸ ಪ್ರಮಾಣದಲ್ಲಿ ಶರೀರದ ಪುನರುತ್ಥಾನ ಅಂತ ಉಂಟು, ಭಾನುವಾರ ಭಾನುವಾರ ಹೇಳುತ್ತೇವೆ, ಯಾರೂ ಗಮನ ಕೊಡುವುದಿಲ್ಲ. ಸಮಾಧಿಯ ಹತ್ತಿರ ಸಭಾಪಾಲಕರು ಮಣ್ಣಿಗೆ ಮಣ್ಣು ಅಂತ ಓದುವಾಗ ನನಗೆ ಆ ಹೆಬ್ಬೆರಳಿನ ಯೋಚನೆಯೇ. ಮೊದಲ ಕೊರಿಂಥ 15ರಲ್ಲಿ ಪೌಲ ಹೇಳುತ್ತಾನೆ, ಬಲಹೀನವಾಗಿ ಬಿತ್ತಿದ್ದು ಬಲವುಳ್ಳದ್ದಾಗಿ ಏಳುತ್ತದೆ ಅಂತ. ಆ ಬೆರಳೂ ಏಳಬೇಕು. ಬಲಗೈಯೂ ಏಳಬೇಕು. ಅವರಿಗೆ ಅಲ್ಲಿ ಕೆಲಸ ಏನು ಅಂತ ಗೊತ್ತಿಲ್ಲ, ಸುಮ್ನೆ ಕೂರುವ ಮನುಷ್ಯ ಅಲ್ಲ. ಪುನಃ ಬೆರಳಿನ ಹತ್ತಿರವೇ ಬಂದೆ ನೋಡು. ಅಮ್ಮ ಹೇಳುತ್ತಾಳೆ, ಊಟಕ್ಕೆ ಕೂತರೂ ನಾನು ಎಡಗೈ ನೋಡಿಕೊಳ್ಳುತ್ತೇನಂತೆ.

ಅಜ್ಜನ ಆ ಗೆಳೆಯ, ಅದೇ ಮಗಳ ಮದುವೆಯವರು, ಆಸ್ಪತ್ರೆಗೂ ಬಂದಿದ್ದರು. ದೇವಸ್ಥಾನದ ಪ್ರಸಾದ ತಂದು ತಲೆದಿಂಬಿನ ಹತ್ತಿರ ಇಟ್ಟು ಕೂತರು. ನೀನು ಅವರ ಬಗ್ಗೆಯೂ ಕೇಳುತ್ತೀಯ ಅಂತ ಗೊತ್ತು. ಯೇಸುವಿನ ಹೊರತು ರಕ್ಷಣೆ ಇಲ್ಲ ಅಂತ ನಾನು ನಂಬುತ್ತೇನೆ, ಆದರೆ ಯೇಸು ಯಾರನ್ನು ಎಲ್ಲಿಂದ ಎತ್ತಿಕೊಳ್ಳುತ್ತಾನೆ ಅಂತ ಪಟ್ಟಿ ಬರೆಯುವ ಕೆಲಸ ನನಗೆ ಕೊಟ್ಟಿಲ್ಲ. ಲೋಕಕ್ಕೆಲ್ಲ ನ್ಯಾಯ ತೀರಿಸುವವನು ನ್ಯಾಯವನ್ನೇ ಮಾಡುವುದಿಲ್ಲವೇ ಅಂತ ಅಬ್ರಹಾಮ ದೇವರನ್ನೇ ಕೇಳಿದ. ಅಲ್ಲಿಗೆ ನಿಲ್ಲಿಸುತ್ತೇನೆ.

ನನಗಿರುವ ಭಯ ಬೇರೆ. ನಾನೂ ಬಿಪಿಯವನು. ಅಜ್ಜನಿಗೆ ಆದದ್ದು ನಾಳೆ ನನಗೂ ಆಗಬಹುದು. ಆಗ ನೀನು ಬಂದು ನನ್ನ ಕಿವಿಯಲ್ಲಿ ಕೈ ಎತ್ತಿ ಅಪ್ಪಾ ಅನ್ನುತ್ತೀಯಾ? ನಾನು ಎತ್ತದಿದ್ದರೆ ಅಳುತ್ತಾ ಹೊರಗೆ ಹೋಗುತ್ತೀಯಾ? ಇದೊಂದು ನನಗೆ ರಾತ್ರಿ ಬರುತ್ತದೆ. ಸಾವು ಅಷ್ಟು ಹೆದರಿಸುವುದಿಲ್ಲ, ನೀನು ಹೀಗೆ ಹೊರಗೆ ಹೋಗುವುದು ಹೆದರಿಸುತ್ತದೆ. ಈಗಲೇ ಬರೆದಿಡುತ್ತೇನೆ, ಬಾಯಿಯೂ ಉಂಟು, ಕೈಯೂ ಉಂಟು: ಯೇಸು ಕರ್ತ, ನಾನು ಅವನವನು. ಈ ಮೆಸೇಜು ಡಿಲೀಟ್ ಮಾಡಬೇಡ. ಆ ದಿನ ಬಂದರೆ ಏನೂ ಕೇಳಬೇಡ. ಎಡಗಡೆ ನಿಲ್ಲಬೇಕಾ ಬಲಗಡೆ ನಿಲ್ಲಬೇಕಾ ಅಂತ ಮೊದಲು ಡಾಕ್ಟರ ಹತ್ತಿರ ಕೇಳಿ ನಿಲ್ಲು. ರೋಮಾಪುರದವರಿಗೆ 8ರ ಕೊನೆಯ ಭಾಗ ಓದು. ಹಾಡಬೇಡ, ನಿನ್ನ ಶ್ರುತಿ ನನಗೆ ಆಗುವುದಿಲ್ಲ.

ಇನ್ನು ಭಾನುವಾರ. ನನಗೆ ಒಪ್ಪಿಗೆ ಇಲ್ಲ. ನಿನಗೆ ಮೂರು ತಿಂಗಳಿದ್ದಾಗ ದೀಕ್ಷಾಸ್ನಾನ ಆಗಿದೆ, ಅಜ್ಜ ಎತ್ತಿಕೊಂಡಿದ್ದರು, ಫೋಟೋ ಉಂಟು. ನಿನ್ನನ್ನು ಕೇಳಲಿಲ್ಲ, ನಿಜ. ರೇಷನ್ ಕಾರ್ಡಿಗೆ ನಿನ್ನ ಹೆಸರು ಹಾಕಿಸುವಾಗಲೂ ಕೇಳಲಿಲ್ಲ, ಅಕ್ಕಿ ಮಾತ್ರ ನಿನ್ನ ಪಾಲಿಗೂ ಬಂತು. ಒಬ್ಬನೇ ಕರ್ತ, ಒಂದೇ ನಂಬಿಕೆ, ಒಂದೇ ದೀಕ್ಷಾಸ್ನಾನ ಅಂತ ಎಫೆಸದವರಿಗೆ 4:5. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿಗೆ ಆ ರಾತ್ರಿಯೇ ಮನೆಯವರ ಸಮೇತ ಕೊಟ್ಟರು, ಆ ಮನೆಯಲ್ಲಿ ತೊಟ್ಟಿಲು ಇರಲಿಲ್ಲ ಅಂತ ನೀನು ಹೇಳಲಾರೆ, ಇತ್ತು ಅಂತ ನಾನೂ ಹೇಳಲಾರೆ. ಇದು ನಮ್ಮಿಬ್ಬರ ಜಗಳ ಅಲ್ಲ. 1525ರಲ್ಲಿ ಜೂರಿಚಿನಲ್ಲಿ ಕೆಲವರು, ಶಿಶುವಾಗಿದ್ದಾಗ ಆದದ್ದು ಲೆಕ್ಕಕ್ಕಿಲ್ಲ ಅಂತ ಪುನಃ ದೀಕ್ಷಾಸ್ನಾನ ಮಾಡಿಸಿಕೊಂಡರು. ಎರಡು ವರ್ಷ ಕಳೆದು ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾನ್ಸ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರು ಪ್ರೊಟೆಸ್ಟಂಟ್ ಸುಧಾರಣೆಯ ಕಡೆಯವರೇ, ಅಂದರೆ ನಮ್ಮ ಕಡೆಯವರು. ಅದನ್ನು ಓದಿದ ಮೇಲೆ ಈ ವಿಷಯಕ್ಕೆ ಮಗಳ ಹತ್ತಿರ ಮಾತು ಬಿಡುವಷ್ಟು ಗಟ್ಟಿತನ ನನಗೆ ಬರಲಿಲ್ಲ.

ಒಂದು ಕೇಳುತ್ತೇನೆ. ಅಜ್ಜನ ವಿಷಯದ ಹೆದರಿಕೆಯಿಂದ ನೀರಿಗೆ ಇಳಿಯುತ್ತಿದ್ದೀಯಾದರೆ ಇಳಿಯಬೇಡ, ಸ್ವಲ್ಪ ತಡೆ. ಹೆದರಿಕೆ ಹೋಗಿ, ಆಮೇಲೂ ಬೇಕು ಅನ್ನಿಸಿದರೆ ಅದು ನಿನ್ನದು ಮತ್ತು ದೇವರದ್ದು.

ಹೇಗಾದರೂ ನಾವು ಬರುತ್ತೇವೆ. ಶನಿವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿ ಆಯಿತು, ನೀನು ತಡೆದು ನಿಂತರೂ ಕ್ಯಾನ್ಸಲ್ ಮಾಡುವುದಿಲ್ಲ, ಮಗಳ ರೂಮು ನೋಡದೆ ತುಂಬಾ ದಿನವಾಯಿತು ಅಂತ ಅಮ್ಮನಿಗೆ. ಅಲ್ಲಿ ಮೈಕ್ ಕೊಟ್ಟು ಸಾಕ್ಷಿ ಹೇಳಿ ಅಂತ ನನ್ನನ್ನು ಎಬ್ಬಿಸಿದರೆ ಎದ್ದು ಹೊರಗೆ ಹೋಗುತ್ತೇನೆ, ಈಗಲೇ ಹೇಳಿಡು. ಫೋಟೋ ತಮ್ಮ ತೆಗೆಯಲಿ. ಸ್ವಿಮ್ಮಿಂಗ್ ಪೂಲಿನ ನೀರು ತಣ್ಣಗಿರುತ್ತದೆ, ಒಣ ಬಟ್ಟೆ ಎರಡು ಜೊತೆ ಇಟ್ಟುಕೋ, ನಿನಗೆ ಬೇಗ ಶೀತ ಆಗುತ್ತದೆ. ಅಮ್ಮ ಕೋರಿರೊಟ್ಟಿಯ ರೊಟ್ಟಿ ತರುತ್ತಾಳೆ, ಕೋಳಿ ಅಲ್ಲೇ ತರಿಸು, ಚಿಕ್ಕದು ಸಾಕು. ಹೋದ ಸಲ ಕಳಿಸಿದ ಸ್ಟೀಲ್ ಡಬ್ಬಿ ನಿನ್ನ ಹತ್ತಿರವೇ ಉಂಟು, ತೊಳೆದು ಇಡು, ಅಮ್ಮ ದಿನಾ ಕೇಳುತ್ತಾಳೆ.

ನಿದ್ದೆ ಬಾರದಿದ್ದರೆ ಮೆಸೇಜು ಮಾಡಬೇಡ, ಫೋನೇ ಮಾಡು. ನಾನು ಎದ್ದೇ ಇರುತ್ತೇನೆ.

ಅಪ್ಪ